ಪ್ರನಾಳದ ಹಡಗು, ಬಾಟಲಿಯ ಅಳಿವೆ

ಫಾಯಿಲ್ ದೋಣಿ ಮಾಡಿ ನಾಣ್ಯ ತುಂಬಿಸುವ ಪ್ರಯೋಗ ಬಹುತೇಕ ಶಾಲೆಗಳಲ್ಲಿ ಆಗಿಹೋಗಿದೆ. ಅದೇ ದೋಣಿಯನ್ನು ಉಪ್ಪುನೀರಿಗೆ ಬಿಟ್ಟು ‘ನೋಡಿ, ಮೇಲೆದ್ದಿತು’ ಎಂದರೆ ಮಾತ್ರ ಯಾರ ಕಣ್ಣಿಗೂ ಏನೂ ಬೀಳುವುದಿಲ್ಲ. ಬೀಳುವಂತೆಯೂ ಇಲ್ಲ. ಸಿಹಿನೀರಿನ ಸಾಂದ್ರತೆ 1.000, ಸಮುದ್ರದ ನೀರಿನದು 1.025. ಎರಡು ಸೆಂ.ಮೀ. ಮುಳುಗಿದ ದೋಣಿ ಉಪ್ಪುನೀರಿನಲ್ಲಿ ಏಳುವುದು ಬರೀ ಅರ್ಧ ಮಿ.ಮೀ.

ದೋಣಿ ಬಿಡಿ, 15 ಸೆಂ.ಮೀ. ಉದ್ದದ ಪ್ರನಾಳ ತೆಗೆದುಕೊಳ್ಳಿ. ಗ್ರಾಫ್ ಹಾಳೆಯ ಪಟ್ಟಿಯೊಂದನ್ನು ಸುರುಳಿ ಸುತ್ತಿ ಗಾಜಿಗೆ ಅಂಟಿಕೊಳ್ಳುವಂತೆ ಒಳಗೆ ಇಳಿಸಿ. ಎರಡು ಲೀಟರಿನ ಪಾನೀಯದ ಬಾಟಲಿಯ ಕತ್ತು ಕತ್ತರಿಸಿ, ಅಂಚಿನವರೆಗೂ ಸಿಹಿನೀರು ತುಂಬಿ. ನೀರು ತುಸು ಕೆಳಗಿದ್ದರೆ ಪ್ರನಾಳ ಹೋಗಿ ಗೋಡೆಗೆ ಅಂಟಿಕೊಳ್ಳುತ್ತದೆ. ಅಂಚಿಗಿಂತ ಕೂದಲೆಳೆ ಮೇಲೆ ಉಬ್ಬಿದ್ದರೆ ನಡುವೆಯೇ ನಿಲ್ಲುತ್ತದೆ. ಈಗ ಒಣಮರಳನ್ನು ಚಿಟಿಕೆ ಚಿಟಿಕೆಯಾಗಿ ಹಾಕುತ್ತ ಸರಿಯಾಗಿ 12 ಸೆಂ.ಮೀ. ಮುಳುಗಿಸಿ. ಗಾಜಿಗೆ ಅಂಟಿದ ಗುಳ್ಳೆಗಳನ್ನು ಬೆರಳಿನಿಂದ ಸವರಿ ಬಿಡಿಸಿ. ನಾಲ್ಕಾರು ಗುಳ್ಳೆ ಇದ್ದರೂ ಲೆಕ್ಕ ಕೆಡುತ್ತದೆ.

ಇನ್ನು ಸಮುದ್ರ. ಲೀಟರ್ ನೀರಿಗೆ 38 ಗ್ರಾಂ ಉಪ್ಪು. ಪ್ಯಾಕೆಟ್ಟಿನ ಪುಡಿ ಉಪ್ಪಿಗೆ ಗಂಟುಕಟ್ಟದಂತೆ ಬೆರೆಸುವ ಪುಡಿ ನೀರನ್ನು ಮಂಕಾಗಿಸುವುದರಿಂದ ಕಲ್ಲುಪ್ಪೇ ಮೇಲು. ಅದರಲ್ಲಿ ತೇವ ಇರುತ್ತದೆ, ಹಾಗಾಗಿ 40 ಗ್ರಾಂ ಹಾಕಿ ಬಟ್ಟೆಯಲ್ಲಿ ಸೋಸಿಕೊಳ್ಳಿ. ಪ್ರನಾಳ 3 ಮಿ.ಮೀ. ಏಳಬೇಕು. ಒಂದೇ ಮಿ.ಮೀ. ಎದ್ದರೆ ಉಪ್ಪು ಇನ್ನೂ ಕರಗದೆ ತಳದಲ್ಲಿ ಕೂತಿದೆ ಎಂದರ್ಥ, ಇನ್ನಷ್ಟು ಕಲಕಿ.

ಆ 3 ಮಿ.ಮೀ.ಗೆ ಹಡಗಿನ ಲೋಕದಲ್ಲಿ ಕಾನೂನಿನ ಬೆಲೆ ಇದೆ. ಹಡಗಿನ ಪಕ್ಕೆಯ ಮೇಲೆ, ಭಾರದ ಮಿತಿ ತೋರಿಸುವ, ಅಡ್ಡಗೆರೆ ಹಾಯ್ದ ವೃತ್ತವೊಂದನ್ನು ನೋಡಿರುತ್ತೀರಿ. ಅತಿಭಾರ ಹೇರಿ ನಾವಿಕರನ್ನು ಮುಳುಗಿಸುತ್ತಿದ್ದ ಮಾಲೀಕರ ವಿರುದ್ಧ ಬ್ರಿಟನ್ನಿನ ಸಂಸದ ಸ್ಯಾಮ್ಯುಯೆಲ್ ಪ್ಲಿಮ್ಸಾಲ್ ಹೋರಾಡಿದ ಫಲವಾಗಿ 1876ರ ಬ್ರಿಟಿಷ್ ಕಾಯ್ದೆ ಅದನ್ನು ಕಡ್ಡಾಯ ಮಾಡಿತು. ವೃತ್ತದ ಪಕ್ಕದ ಏಣಿಯಂಥ ಗೆರೆಗಳಲ್ಲಿ ಸಿಹಿನೀರಿನ ಗೆರೆ ಬೇಸಿಗೆಯ ಸಮುದ್ರದ ಗೆರೆಗಿಂತ ಮೇಲಿರುತ್ತದೆ. ನದಿಬಂದರಿನಲ್ಲಿ ಅಲ್ಲಿಯವರೆಗೆ ಮುಳುಗಿಸಿ ತುಂಬಬಹುದು, ಕಡಲಿಗೆ ಬಂದಾಗ ಹಡಗು ತಾನೇ ಏಳುತ್ತದೆ. ಪ್ರನಾಳ ಏಳುವುದು ಮುಳುಗಿದ ಆಳದ ಸುಮಾರು 1/40 ಭಾಗ. ಹಡಗಿಗೆ ಸ್ಥೂಲವಾಗಿ ಹಿಡಿಯುವ ಲೆಕ್ಕ 1/48, ಅಂದರೆ 10 ಮೀಟರ್ ಮುಳುಗಿದ ಹಡಗಿಗೆ ಸುಮಾರು 20 ಸೆಂ.ಮೀ. ಈ ವ್ಯತ್ಯಾಸ ಯಾಕೆ ಎಂದು ಮಕ್ಕಳನ್ನೇ ಕೇಳಿ. ಹಡಗಿನ ಒಡಲು ಕೆಳಗೆ ಹೋದಂತೆ ಕಿರಿದಾಗುತ್ತದೆ, ಪ್ರನಾಳ ಆಗುವುದಿಲ್ಲ. ಮಂಗಳೂರಿನ ಹಳೆಬಂದರಿನ ದಕ್ಕೆಯಲ್ಲಿ ಲಕ್ಷದ್ವೀಪಕ್ಕೆ ಸರಕು ಹೇರುವ ಮರದ ಹಡಗು ಮಂಜಿಗೂ ಇದೇ ಲೆಕ್ಕ: ಮಳೆ ಮುಗಿದ ಹೊಸತರ ಗುರುಪುರ ಹೊಳೆಯ ಸಿಹಿನೀರಿನಲ್ಲಿ ಅದು ಏಪ್ರಿಲ್‌ನ ಉಪ್ಪುನೀರಿಗಿಂತ ಆಳಕ್ಕೆ ಕೂರುತ್ತದೆ.

ಉಪ್ಪು ಹಡಗನ್ನು ಎತ್ತುತ್ತದೆ, ಕೆಸರನ್ನು ಇಳಿಸುತ್ತದೆ. ಕುಂಬಾರರ ಜೇಡಿಮಣ್ಣು ಒಂದು ಚಮಚ, ಮಳೆನೀರು ಒಂದು ಲೀಟರ್, ಚೆನ್ನಾಗಿ ಕುಲುಕಿ. ಐದು ನಿಮಿಷ ಬಿಟ್ಟರೆ ಮರಳು ತಳ ಸೇರುತ್ತದೆ. ಮೇಲಿನ ರಾಡಿಯನ್ನು ಎರಡು ಬಾಟಲಿಗೆ ಬಗ್ಗಿಸಿ. ಒಂದಕ್ಕೆ ಒಂದು ಚಮಚ ಉಪ್ಪು ಹಾಕಿ ಕಲಕಿ, ಇನ್ನೊಂದನ್ನೂ ಬರಿದೇ ಅಷ್ಟೇ ಕಲಕಿ. ಹಿಂದೆ ದಿನಪತ್ರಿಕೆ ಹಿಡಿಯಿರಿ. ಉಪ್ಪಿನ ಬಾಟಲಿಯಲ್ಲಿ ರಾಡಿ ಮೊದಲು ಮೊಸರೊಡೆದಂತೆ ಸಣ್ಣ ಸಣ್ಣ ಕುಚ್ಚುಗಳಾಗಿ, ಆಮೇಲೆ ನಿಧಾನವಾಗಿ ಇಳಿಯುತ್ತದೆ. ಮೇಲಿನಿಂದ ಒಂದೊಂದೇ ಸಾಲು ಓದಲು ಸಿಗುತ್ತದೆ. ಇನ್ನೊಂದು ಬಾಟಲಿ ಮರುದಿನವೂ ಮಬ್ಬು. ಜೇಡಿಕಣಗಳೆಲ್ಲ ಋಣ ವಿದ್ಯುದಂಶ ಹೊತ್ತು ಒಂದನ್ನೊಂದು ತಳ್ಳುತ್ತಿರುತ್ತವೆ. ಉಪ್ಪಿನ ಅಯಾನುಗಳು ಆ ತಳ್ಳಾಟ ಕುಗ್ಗಿಸಿದಾಗ ಕಣಗಳು ಅಂಟಿ, ಭಾರವಾಗಿ ಬೀಳುತ್ತವೆ. ಸಮುದ್ರದಷ್ಟು ಉಪ್ಪೂ ಬೇಡ. ನದಿ ಕಡಲು ಸೇರುವ ಅಳಿವೆಯಲ್ಲಿ, ನೀರು ಸ್ವಲ್ಪ ಉಪ್ಪಾದ ಜಾಗದಲ್ಲೇ, ಅಂದರೆ ನಾವು ದಕ್ಕೆ ಕಟ್ಟುವ ಜಾಗದಲ್ಲೇ, ಹೂಳು ಕೂರುತ್ತದೆ.

ಈ ಪ್ರಯೋಗ ಕೆಟ್ಟುಹೋಗುವುದು ಬೋರ್‌ವೆಲ್ ನೀರಿನಿಂದ. ಗಡಸುನೀರಿನ ಕ್ಯಾಲ್ಸಿಯಂ ಉಪ್ಪಿನ ಕೆಲಸವನ್ನು ತಾನೇ ಮಾಡಿ ಎರಡೂ ಬಾಟಲಿ ತಿಳಿಯಾಗುತ್ತವೆ. ಬಯಲುಸೀಮೆಯ ಶಾಲೆಯವರು ಮಳೆನೀರು ಇಲ್ಲದಿದ್ದರೆ ಬ್ಯಾಟರಿಗೆ ಹಾಕುವ ನೀರು ತನ್ನಿ. ಅಳಿವೆಬಾಗಿಲಿನ ಮರಳುದಿಬ್ಬಕ್ಕೆ ಮಾತ್ರ ಈ ವಿವರಣೆ ಕೊಡಬೇಡಿ. ಅದು ಅಲೆಗಳು ತಂದು ಒಟ್ಟಿದ್ದು.

ಹೊಳೆಯ ಆರೋಗ್ಯ ತೋರಿಸಲು ಮದುವೆಮನೆಯಲ್ಲಿ ಕೊಡುವ 200 ಮಿ.ಲೀ. ನೀರಿನ ಬಾಟಲಿ ಮೂರು ಸಾಕು. ಮೂರಕ್ಕೂ ಉಗುರುಬೆಚ್ಚಗಿನ ನೀರು, ಕಾಲು ಚಮಚ ಒಣ ಯೀಸ್ಟ್. ಸಕ್ಕರೆ ಮೊದಲನೆಯದಕ್ಕೆ ಇಲ್ಲ, ಎರಡನೆಯದಕ್ಕೆ ಕಾಲು ಚಮಚ, ಮೂರನೆಯದಕ್ಕೆ ಒಂದು ಚಮಚ. ಅಕ್ವೇರಿಯಂ ಅಂಗಡಿಯ ಮೆಥಿಲಿನ್ ಬ್ಲೂ ಎಂಬ ನೀಲಿ ಬಣ್ಣವನ್ನು ನೀರು ತಿಳಿನೀಲಿ ಆಗುವಷ್ಟು ಹನಿ ಹಾಕಿ, ಬಾಯಿತನಕ ತುಂಬಿ. ಅನಿಲ ಹುಟ್ಟುವುದರಿಂದ ಮುಚ್ಚಳ ಬಿಗಿಯಬೇಡಿ. ಸಕ್ಕರೆ ಇಲ್ಲಿ ಕೊಳಚೆಯ ವೇಷದಲ್ಲಿದೆ: ತಿನ್ನಲು ಸಿಕ್ಕಷ್ಟೂ ಸೂಕ್ಷ್ಮಜೀವಿಗಳು ಆಮ್ಲಜನಕ ಬಳಸುತ್ತವೆ, ಅದು ಮುಗಿದ ಮೇಲೆ ನೀಲಿ ಅಳಿಯುತ್ತದೆ. ಸಕ್ಕರೆ ಇಲ್ಲದ್ದೂ ತಡವಾಗಿ ಬಿಳಚಬಹುದು. ಯೀಸ್ಟ್ ತನ್ನ ದಾಸ್ತಾನು ಕರಗಿಸುತ್ತದೆ. ಯಾವುದೂ ಬದಲಾಗದಿದ್ದರೆ ನೀರು ಕೈಸುಡುವಷ್ಟು ಬಿಸಿಯಿತ್ತು, ಯೀಸ್ಟ್ ಸತ್ತಿದೆ.

ಉಪ್ಪುನೀರಿನಲ್ಲೂ ಇದನ್ನೇ ಮಾಡಿ ಹೋಲಿಸುವ ಆಸೆ ಬರುತ್ತದೆ. ಬೇಡ. ಉಪ್ಪು ಯೀಸ್ಟನ್ನೇ ನಿಧಾನಿಸುತ್ತದೆ, ಫಲಿತಾಂಶ ತಲೆಕೆಳಗಾಗುತ್ತದೆ. ಸಂಖ್ಯೆ ಹೇಳಿದರೆ ಸಾಕು: 30 ಡಿಗ್ರಿಯಲ್ಲಿ ಸಿಹಿನೀರು ಲೀಟರಿಗೆ ಸುಮಾರು 7.5 ಮಿ.ಗ್ರಾಂ ಆಮ್ಲಜನಕ ಹಿಡಿದರೆ ಸಮುದ್ರದ ನೀರು ಹಿಡಿಯುವುದು ಸುಮಾರು 6.2. ಅಳಿವೆಯ ಮೀನು ಕೊಳಚೆ ಬರುವ ಮುಂಚೆಯೇ ಕಡಿಮೆಯಲ್ಲಿ ಬದುಕುತ್ತಿದೆ.

ಬಿಳಚಿದ ಬಾಟಲಿಯ ಕತ್ತಿನಲ್ಲಿ, ಗಾಳಿ ತಾಗುವಲ್ಲಿ, ಉಂಗುರದಂತೆ ನೀಲಿ ಉಳಿದಿರುತ್ತದೆ. ಅದನ್ನು ಗಮನಿಸಿದ ಮಗುವಿನ ಕೈಗೆ ಬಾಟಲಿ ಕೊಡಿ. ಸ್ವಲ್ಪ ನೀರು ಚೆಲ್ಲಿ, ಮುಚ್ಚಿ, ಕುಲುಕಲಿ. ನೀಲಿ ಮರಳುತ್ತದೆ. ಸಮವಸ್ತ್ರದ ಮೇಲೆ ಬಿದ್ದರೆ ಮಾತ್ರ ಹೋಗುವುದಿಲ್ಲ, ಈ ಕೆಲಸ ಅಂಗಳದಲ್ಲಿರಲಿ.