ಸೀಟು ಹಿಡಿಯುವ ಮಾತ್ರೆ, ಬಾಗಿಲು ಮುಚ್ಚುವ ಮದ್ದು

ಮೈಮೇಲೆ ಪಿತ್ತದ ಗಂಧೆ ಎದ್ದರೆ ಮನೆಯಲ್ಲಿ ಮೊದಲು ಹುಡುಕುವುದು ಸೆಟಿರಿಜಿನ್ ಮಾತ್ರೆ, ಅಲ್ವಾ? ಸ್ವಲ್ಪ ಹೊತ್ತಿಗೆ ತುರಿಕೆ ಇಳಿಯುತ್ತದೆ. ಹಾಗಂತ ತುರಿಕೆ ಎಬ್ಬಿಸುವ ಹಿಸ್ಟಮಿನ್ ಎಂಬ ರಾಸಾಯನಿಕ ಹೊರಬರುವುದೇನೂ ನಿಂತಿರುವುದಿಲ್ಲ. ಅದು ಕೂರಬೇಕಾದ ಜಾಗದಲ್ಲಿ ಮಾತ್ರೆ ಮೊದಲೇ ಕೂತಿರುತ್ತದೆ. ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದ ಹಾಗೆ.

ಹಿಸ್ಟಮಿನ್ ಬರುವುದು ಹೆಚ್ಚಾಗಿ ಮಾಸ್ಟ್ ಕೋಶಗಳಿಂದ. ಚರ್ಮ, ಮೂಗು, ಶ್ವಾಸನಾಳ, ಕರುಳು, ಹೀಗೆ ಹೊರಗಿನದು ತಾಗುವ ಕಡೆಯಲ್ಲೆಲ್ಲಾ ಇವು ಇರುತ್ತವೆ. 1878ರಲ್ಲಿ ಪೌಲ್ ಎರ್ಲಿಖ್ ಬಣ್ಣ ಹಾಕಿ ನೋಡಿದಾಗ ಕೋಶದ ತುಂಬ ಕಾಳುಗಳು ಕಂಡವು. ಚೆನ್ನಾಗಿ ತಿಂದು ಕೊಬ್ಬಿದೆ ಎಂದುಕೊಂಡು ಆ ಅರ್ಥದ ಜರ್ಮನ್ ಹೆಸರಿಟ್ಟರು. ಊಹೆ ತಪ್ಪು, ಹೆಸರು ಉಳಿಯಿತು.

ಕೋಶದ ಮೈಮೇಲೆ ಐಜಿಇ ಎಂಬ ಪ್ರತಿಕಾಯಗಳು, ಅಂದರೆ ಹೊರಗಿನದನ್ನು ಗುರುತಿಸಿ ಹಿಡಿಯುವ ಪ್ರೋಟೀನುಗಳು, ನಿಂತಿರುತ್ತವೆ. ಸೀಗಡಿಯದೋ ಧೂಳಿನ ನುಸಿಯದೋ ಪ್ರೋಟೀನು ಬಂದು ಅಕ್ಕಪಕ್ಕದ ಐಜಿಇಗಳನ್ನು ಒಟ್ಟಿಗೆ ಹಿಡಿದರೆ ಸಾಕು, ಒಳಗೆ ಸುದ್ದಿ ಓಡುತ್ತದೆ. ಲಿನ್, ಸಿಕ್, ಬಿಟಿಕೆ ಎಂಬ ಕಿಣ್ವಗಳು ಅದನ್ನು ಕೈಯಿಂದ ಕೈಗೆ ದಾಟಿಸುತ್ತವೆ. ಕ್ಯಾಲ್ಸಿಯಂ ಏರುತ್ತದೆ. ನಿಮಿಷಗಳಲ್ಲಿ ಕಾಳುಗಳೊಳಗಿನ ಹಿಸ್ಟಮಿನ್, ಟ್ರಿಪ್ಟೇಸ್ ಎಂಬ ಕಿಣ್ವ ಹೊರಗೆ ಸುರಿಯುತ್ತವೆ. ಹಿಂದೆಯೇ ಹೊಸದಾಗಿ ತಯಾರಾದ, ಶ್ವಾಸನಾಳ ಬಿಗಿಸುವ ಲ್ಯೂಕೋಟ್ರೈಯೀನ್‌ಗಳು. ಗಂಟೆಗಳ ಮೇಲೆ ಬೇರೆ ಕೋಶಗಳಿಗೆ ಸುದ್ದಿ ಮುಟ್ಟಿಸುವ ಸೈಟೊಕೈನ್‌ಗಳು. ಇಷ್ಟು ಜನರಲ್ಲಿ ಹಿಸ್ಟಮಿನ್ ಒಂದನ್ನೇ ತಡೆದರೆ ಉಳಿದವರನ್ನು ಕೇಳುವವರು ಯಾರು? ಆಸ್ತಮಾಕ್ಕೆ ಬರೀ ಆ ಮಾತ್ರೆ ಸಾಲದಿರುವುದು ಇದಕ್ಕೇ.

ಇವು ಕೋಶದಿಂದ ಹೊರಗೇ ಬರದಂತೆ ಬಾಗಿಲನ್ನೇ ಮುಚ್ಚುವ ದಾರಿ ಹುಡುಕಿದವರು ರೋಜರ್ ಅಲ್ಟೂನಿಯನ್. ಇಂಗ್ಲೆಂಡಿನ ಈ ವೈದ್ಯರಿಗೆ ಸ್ವತಃ ಆಸ್ತಮಾ ಇತ್ತು. ಗಿನಿಪಿಗ್ ಕೂದಲಿನ ಸಾರವನ್ನು ಬೇಕಂತಲೇ ಉಸಿರಿಗೆ ಎಳೆದು ಉಬ್ಬಸ ಬರಿಸಿಕೊಳ್ಳುತ್ತಿದ್ದರು. ಒಂದೊಂದೇ ರಾಸಾಯನಿಕವನ್ನು ತಮ್ಮ ಮೇಲೇ ಪರೀಕ್ಷಿಸುತ್ತಿದ್ದರು. ಹುಚ್ಚು ಧೈರ್ಯ, ಇನ್ನೇನು! 1965ರಲ್ಲಿ ಆ ಬಾಗಿಲು ಮುಚ್ಚುವ ಮದ್ದು ಕ್ರೋಮೋಗ್ಲೈಕೇಟ್ ಸಿಕ್ಕಿತು. ಆದರೆ ಅದನ್ನು ಮುಂಚೆಯೇ ಎಳೆದುಕೊಳ್ಳಬೇಕು. ಉಬ್ಬಸ ಶುರುವಾದ ಮೇಲೆ ಪ್ರಯೋಜನವಿಲ್ಲ.

ಆಮೇಲೆ ಬಂದ ಒಮಾಲಿಜುಮಾಬ್ ಇಂಜೆಕ್ಷನ್ ಇನ್ನೂ ಹಿಂದಕ್ಕೆ ಹೋಗಿ, ರಕ್ತದಲ್ಲಿ ತೇಲುವ ಐಜಿಇಯನ್ನೇ ಹಿಡಿಯುತ್ತದೆ. ಅಮೆರಿಕ ಇದನ್ನು ಆಸ್ತಮಾಕ್ಕೆ 2003ರಲ್ಲಿ ಒಪ್ಪಿತು. ಫಲ ಕಾಣಲು ವಾರಗಟ್ಟಲೆ ಬೇಕಾಗಬಹುದು. 2025ರಲ್ಲಿ ಅಲ್ಲೇ ಒಪ್ಪಿಗೆ ಪಡೆದ ರೆಮಿಬ್ರುಟಿನಿಬ್ ಮಾತ್ರೆ ಕೋಶದೊಳಗಿನ ಬಿಟಿಕೆಯನ್ನು ಕಟ್ಟಿಹಾಕುತ್ತದೆ. ಅದು ವಾಸಿಯಾಗದೆ ಕಾಡುವ ಗಂಧೆಗೆ.

ಇಷ್ಟಾದರೂ ಮಾಸ್ಟ್ ಕೋಶಕ್ಕೆ ಹಿತ್ತಿಲ ಬಾಗಿಲೊಂದಿದೆ. ವ್ಯಾಂಕೊಮೈಸಿನ್ ಆಂಟಿಬಯಾಟಿಕ್‌ಗೆ ಐಜಿಇ ಹಂಗೇ ಬೇಕಿಲ್ಲ. ಕೋಶದ ಮೈಮೇಲಿನ ಬೇರೆಯೇ ಗ್ರಾಹಕವನ್ನು, ಅಂದರೆ ಸುದ್ದಿ ಹಿಡಿಯುವ ಜಾಗವನ್ನು, ತಟ್ಟಿ ಕಾಳು ಸುರಿಸುತ್ತದೆ, ಮುಖ ಕುತ್ತಿಗೆ ಕೆಂಪೇರುತ್ತವೆ. ಆಸ್ಪತ್ರೆಯಲ್ಲಿ ಅದರ ಡ್ರಿಪ್ಪನ್ನು ಒಂದು ಗಂಟೆ, ಕೆಲವೊಮ್ಮೆ ಅದಕ್ಕೂ ಜಾಸ್ತಿ ಹೊತ್ತು, ನಿಧಾನಕ್ಕೆ ಬಿಡುವುದು ಸುಮ್ನೆ ಅಲ್ಲ.