ಹೆಪ್ಪು ಇರೋದು ಪೈಪಿನಲ್ಲಿ

ರಾತ್ರಿ ಹತ್ತೂವರೆಗೆ ಡಿಸ್ಟಿಲರಿಯಿಂದ ಫೋನ್ ಬಂದರೆ, ಎತ್ತುವ ಮೊದಲೇ ನನಗೆ ವಿಷಯ ಗೊತ್ತಿರುತ್ತದೆ. "ಸರ್, ಆಸಿಡಿಟಿ ಏರಾಕತ್ತೈತ್ರಿ. ಎಷ್ಟು ಪಿಪಿಎಂ ಹಾಕ್ಲಿ?" ಈಸ್ಟ್ ಸಕ್ಕರೆಯನ್ನು ಆಲ್ಕೋಹಾಲ್ ಮಾಡುವ ಟ್ಯಾಂಕಿಗೆ, ಅಂದರೆ ಫರ್ಮೆಂಟರ್‌ಗೆ, ಬ್ಯಾಕ್ಟೀರಿಯಾ ನುಗ್ಗಿ ಹುಳಿ ಮಾಡುತ್ತಿದೆ ಅಂತ ಅರ್ಥ. ಏನನ್ನು ಹಾಕೋದು ಅಂತ ಕೇಳುವುದೇ ಇಲ್ಲ. ಆಂಟಿಬಯಾಟಿಕ್ ಡಬ್ಬ ಕೈಯಲ್ಲೇ ಇರುತ್ತದೆ. ಬೇಕಾಗಿರೋದು ಅಳತೆ ಮಾತ್ರ, ಹತ್ತು ಲಕ್ಷ ಭಾಗಕ್ಕೆ ಎಷ್ಟು ಭಾಗ (ಪಿಪಿಎಂ) ಅಂತ.

ನಾನು ಮೊದಲು ಕೇಳುವುದು ಒಂದೇ. "ಪ್ಲೇಟ್ ಹೀಟ್ ಎಕ್ಸ್‌ಚೇಂಜರ್ ಬಿಚ್ಚಿ ತೊಳೆದು ಎಷ್ಟು ದಿನ ಆಯ್ತು?" ದ್ರವವನ್ನು ತಣಿಸುವ, ತೆಳು ತಗಡುಗಳನ್ನು ಜೋಡಿಸಿದ ಕೂಲರ್ ಅದು. ಆ ಕಡೆ ಮೌನ.

ಹಾಲು ಕಾಯಿಸಿ, ಆರಿಸಿ, ಸರಿಯಾಗಿ ತೊಳೆಯದ ಮೊಸರಿನ ಗಡಿಗೆಗೆ ಸುರಿದು ನೋಡಿ. ಹೆಪ್ಪು ಹಾಕದಿದ್ದರೂ ಬೆಳಗ್ಗೆ ಅದು ಹುಳಿಯಾಗಿರುತ್ತದೆ. ಹಾಲಿನ ತಪ್ಪಲ್ಲ, ಗಡಿಗೆಯ ಗೋಡೆಗೆ ಅಂಟಿದ್ದ ಹೆಪ್ಪು. ಫರ್ಮೆಂಟರ್‌ನಲ್ಲೂ ಇಷ್ಟೇ. ಕಾಕಂಬಿ ಇರಲಿ, ಮೆಕ್ಕೆಜೋಳದ ಗಂಜಿ ಇರಲಿ, ಪ್ರತಿ ಬ್ಯಾಚಿಗೂ ಪೈಪು ತನ್ನ ಹೆಪ್ಪು ಹಾಕಿ ಕಳಿಸುತ್ತಿರುತ್ತದೆ. ನೀವು ಟ್ಯಾಂಕಿನಲ್ಲಿ ಔಷಧ ಸುರಿಯುತ್ತಿರುತ್ತೀರಿ.

ಎರಡು ವರ್ಷದ ಹಿಂದೆ ಉತ್ತರ ಕರ್ನಾಟಕದ ಒಂದು ಕಡೆ ಹೋಗಿದ್ದೆ. ಡೋಸ್ ಎರಡು ಪಟ್ಟಾಗಿತ್ತು, ಆಸಿಡಿಟಿ ಇಳಿದಿರಲಿಲ್ಲ. ಪ್ಲೇಟುಗಳನ್ನು ಬಿಚ್ಚಿಸಿದೆ. ಗ್ಯಾಸ್ಕೆಟ್ ಅಂಚಿನಲ್ಲಿ ಬೂದು ಬಣ್ಣದ ಲೋಳೆ ಸಾಲುಗಟ್ಟಿ ಕೂತಿತ್ತು. ಆಪರೇಟರ್ ಒಬ್ಬರು ಬೆರಳಲ್ಲಿ ತೆಗೆದು ಮೂಸಿ ನೋಡಿ, "ದ್ವಾಸಿ ಹಿಟ್ಟು ಹಳಸಿದಂಗ ಐತ್ರಿ ಸರ್" ಅಂದರು. ಲ್ಯಾಬ್ ರಿಪೋರ್ಟಿಗಿಂತ ಚೆನ್ನಾಗಿ ಹೇಳಿದರು. ಇಡ್ಲಿ ಹಿಟ್ಟು ಉಬ್ಬಿಸುವ ಲ್ಯೂಕೊನೊಸ್ಟಾಕ್ ಜಾತಿಯ ಬ್ಯಾಕ್ಟೀರಿಯಾವೇ ಸಕ್ಕರೆ ಕಾರ್ಖಾನೆಯಲ್ಲಿ ಲೋಳೆ ಕಟ್ಟುತ್ತದೆ. ಅಡುಗೆಮನೆಯಲ್ಲಿ ನೆಂಟ, ನಮ್ಮಲ್ಲಿ ಕಳ್ಳ.

ಪ್ಲೇಟ್ ತೊಳೆದ ಮೇಲೂ ಪೂರ್ತಿ ಸರಿಹೋಗಲಿಲ್ಲ. ಹುಡುಕಿದರೆ, ಹಿಂದೆ ಲೈನ್ ಬದಲಾಯಿಸಿದಾಗ ಕತ್ತರಿಸದೆ ಬಿಟ್ಟ ಒಂದೂವರೆ ಮೀಟರ್ ಕುರುಡು ಪೈಪು ಸಿಕ್ಕಿತು. ತುದಿಗೆ ಫ್ಲ್ಯಾಂಜ್ ಹಾಕಿ ಮುಚ್ಚಿದ್ದರು. ಅದರೊಳಗೆ ಹರಿವಿಲ್ಲ, ಬಿಸಿ ಇಲ್ಲ, ತೊಳೆಯಲು ಹರಿಸುವ ಕಾಸ್ಟಿಕ್ ಸೋಡಾ ಮುಟ್ಟುವುದಿಲ್ಲ. ಬ್ಯಾಕ್ಟೀರಿಯಾಕ್ಕೆ ಅದಕ್ಕಿಂತ ಒಳ್ಳೆ ಬಾಡಿಗೆ ಮನೆ ಬೇಕಾ? ವೆಲ್ಡರ್ ಬಂದು ಕತ್ತರಿಸಿದ. ಅರ್ಧ ದಿನದ ಕೆಲಸ.

ಇನ್ನು ಎಷ್ಟು ಸಲ ಹೇಳಿದರೂ ಜನ ತಲೆಗೆ ಹಾಕಿಕೊಳ್ಳದ ಮಾತು. ತೊಳೆಯುವುದು ಬೇರೆ, ಕೊಲ್ಲುವುದು ಬೇರೆ. "ಸರ್, ಸ್ಟೀಮ್ ಕೊಟ್ಟಿದ್ದೀವಿ" ಅನ್ನುತ್ತಾರೆ. ಕೊಳೆಯ ಮೇಲೆ ಸ್ಟೀಮ್ ಕೊಟ್ಟರೆ ಕೊಳೆ ಬೇಯುತ್ತದೆ ಅಷ್ಟೇ. ಹಾಲಿನ ಪಾತ್ರೆ ತೊಳೆಯದೆ ಮತ್ತೆ ಒಲೆ ಮೇಲಿಟ್ಟರೆ ತಳ ಹಿಡಿಯುತ್ತದಲ್ವಾ, ಹಾಗೆ. ಬೆಂದ ಪದರದ ಕೆಳಗಿನ ಬ್ಯಾಕ್ಟೀರಿಯಾಕ್ಕೆ ಮನೆ ಇನ್ನೂ ಗಟ್ಟಿಯಾಯಿತು. ಆಂಟಿಬಯಾಟಿಕ್ಕೂ ಆ ಲೋಳೆಯೊಳಗೆ ಸರಿಯಾಗಿ ಇಳಿಯುವುದಿಲ್ಲ. ಮೊದಲು ನೀರು, ಆಮೇಲೆ ಬಿಸಿ ಕಾಸ್ಟಿಕ್ (ನಾನು 2ರಿಂದ 3 ಶೇಕಡಾ, 75ರಿಂದ 80 ಡಿಗ್ರಿ ಸೆಲ್ಸಿಯಸ್ ಹೇಳುತ್ತೇನೆ, ನಿಮ್ಮ ಗ್ಯಾಸ್ಕೆಟ್ ತಡೆಯುತ್ತದಾ ನೋಡಿಕೊಳ್ಳಿ), ಮತ್ತೆ ನೀರು. ಸ್ಟೀಮ್ ಕೊನೆಗೆ. ಕಾಸ್ಟಿಕ್ ಪಂಪು ಮೆಲ್ಲಗೆ ಓಡಿದರೂ ಪ್ರಯೋಜನವಿಲ್ಲ. ಉಜ್ಜುವ ಕೈ ಇಲ್ಲದ ಕಡೆ ಹರಿವಿನ ವೇಗವೇ ಉಜ್ಜಬೇಕು.

ಒಂದು ಎಚ್ಚರಿಕೆ. ಆಗಷ್ಟೇ ಖಾಲಿಯಾದ ಮುಚ್ಚಿದ ಟ್ಯಾಂಕಿನಲ್ಲಿ ಕಾರ್ಬನ್ ಡೈಆಕ್ಸೈಡ್ ತುಂಬಿರುತ್ತದೆ. ಅದರೊಳಗೆ ಕಾಸ್ಟಿಕ್ ಸಿಂಪಡಿಸಿದರೆ ಅದು ಗ್ಯಾಸನ್ನು ಹೀರಿಬಿಡುತ್ತದೆ. ಒಳಗೆ ನಿರ್ವಾತವಾಗಿ, ಖಾಲಿ ನೀರಿನ ಬಾಟಲಿ ಹಿಂಡಿದಂತೆ ಟ್ಯಾಂಕ್ ನುಗ್ಗಾಗಬಹುದು. ಕಾಸ್ಟಿಕ್ಕೂ ಕಾರ್ಬೊನೇಟ್ ಆಗಿ ಸತ್ವ ಕಳೆದುಕೊಳ್ಳುತ್ತದೆ. ಮೊದಲು ಗಾಳಿ ಆಡಿಸಿ.

ನಷ್ಟದ ಲೆಕ್ಕ ಹೇಳಿದರೆ ಮಾತ್ರ ಮ್ಯಾನೇಜರ್ ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾರೆ. ಅದೇ ಸಕ್ಕರೆ ಲ್ಯಾಕ್ಟಿಕ್ ಆಸಿಡ್ (ಮೊಸರಿನ ಹುಳಿ) ಆಗದೆ ಈಸ್ಟಿಗೆ ಸಿಕ್ಕಿದ್ದರೆ, ಪ್ರತಿ ಕೆಜಿ ಆಸಿಡ್‌ಗೆ ಹೆಚ್ಚುಕಡಿಮೆ ಅರ್ಧ ಕೆಜಿ ಆಲ್ಕೋಹಾಲ್ ಬರುತ್ತಿತ್ತು. 1 ಲಕ್ಷ ಲೀಟರ್ ಫರ್ಮೆಂಟರ್‌ನಲ್ಲಿ ಲ್ಯಾಕ್ಟಿಕ್ 0.3 ಶೇಕಡಾ ಏರಿತು ಅಂದರೆ 300 ಕೆಜಿ. ಸುಮಾರು 190 ಲೀಟರ್ ಆಲ್ಕೋಹಾಲ್ ಹೋಯಿತು. ಒಂದೇ ಬ್ಯಾಚಿನಲ್ಲಿ. ಆ ಹುಳಿಗೆ ಈಸ್ಟ್ ಸುಸ್ತಾಗಿ ಬಿಟ್ಟ ಸಕ್ಕರೆ ಇದರಲ್ಲಿ ಸೇರಿಲ್ಲ.

ಪೆನಿಸಿಲಿನ್ ಹುಟ್ಟುವ ಮೊದಲೂ ಜನ ಆಲ್ಕೋಹಾಲ್ ಮಾಡುತ್ತಿದ್ದರು. 1856ರಲ್ಲಿ ಫ್ರಾನ್ಸಿನ ಲೀಲ್‌ನಲ್ಲಿ ಬೀಟ್‌ರೂಟ್ ಆಲ್ಕೋಹಾಲ್ ತಯಾರಕರೊಬ್ಬರ ತೊಟ್ಟಿಗಳು ಹುಳಿಯಾಗುತ್ತಿದ್ದಾಗ ಲೂಯಿ ಪಾಶ್ಚರ್ ಮೈಕ್ರೋಸ್ಕೋಪ್ ಹಿಡಿದು ಹೋದರು. ಒಳ್ಳೆ ತೊಟ್ಟಿಯಲ್ಲಿ ದುಂಡನೆಯ ಈಸ್ಟ್, ಕೆಟ್ಟದ್ದರಲ್ಲಿ ಸಣ್ಣ ಕಡ್ಡಿಗಳಂಥ ಬ್ಯಾಕ್ಟೀರಿಯಾ. ನಮ್ಮ ಎಷ್ಟೋ ಲ್ಯಾಬ್‌ಗಳಲ್ಲಿ ಅದೇ ಮೈಕ್ರೋಸ್ಕೋಪ್ ಪ್ಲಾಸ್ಟಿಕ್ ಕವರ್ ಹೊದ್ದು ಮಲಗಿರುತ್ತದೆ.

ಉಳಿದ ಉಪಾಯಗಳೂ ಇವೆ. ಬ್ರೆಜಿಲ್‌ನಲ್ಲಿ ಈಸ್ಟನ್ನು ಬೇರ್ಪಡಿಸಿ, ಸಲ್ಫ್ಯೂರಿಕ್ ಆಸಿಡ್ ಹಾಕಿ ಪಿಎಚ್ 2ರಿಂದ 2.5ಕ್ಕೆ ಇಳಿಸಿ, ಒಂದೆರಡು ಗಂಟೆ ಇಟ್ಟು ಮತ್ತೆ ಬಳಸುತ್ತಾರೆ. ಈಸ್ಟ್ ತಡೆದುಕೊಳ್ಳುತ್ತದೆ, ಬಹಳಷ್ಟು ಬ್ಯಾಕ್ಟೀರಿಯಾ ತಡೆಯುವುದಿಲ್ಲ. ಆದರೆ ಈಸ್ಟ್ ಮರುಬಳಕೆ ಇಲ್ಲದ ಕಡೆ ಇದು ಉಪಯೋಗಕ್ಕೆ ಬಾರದು, ಎಲ್ಲ ಈಸ್ಟಿಗೂ ಒಗ್ಗದು. ಬಿಯರ್‌ಗೆ ಹಾಕುವ ಹಾಪ್ಸ್‌ನ ಆಸಿಡ್‌ಗಳು ಲ್ಯಾಕ್ಟಿಕ್ ಆಸಿಡ್ ಮಾಡುವ ಲ್ಯಾಕ್ಟೊಬ್ಯಾಸಿಲಸ್ ಬ್ಯಾಕ್ಟೀರಿಯಾ ಮೇಲೆ ಚೆನ್ನಾಗಿ ಕೆಲಸ ಮಾಡುತ್ತವೆ, ವಿನೆಗರ್ ಮಾಡುವ ಅಸಿಟಿಕ್ ಬ್ಯಾಕ್ಟೀರಿಯಾ ಅವಕ್ಕೆ ಸೊಪ್ಪು ಹಾಕುವುದಿಲ್ಲ. ಎಲ್ಲಕ್ಕಿಂತ ಅಗ್ಗದ್ದು, ಆರೋಗ್ಯವಂತ ಈಸ್ಟನ್ನು ಮೊದಲಿಗೇ ದಂಡಿಯಾಗಿ ಹಾಕುವುದು. ಬ್ಯಾಕ್ಟೀರಿಯಾ ಇಪ್ಪತ್ತು, ಮೂವತ್ತು ನಿಮಿಷಕ್ಕೆ ಎರಡಾಗಬಲ್ಲದು, ಈಸ್ಟಿಗೆ ಒಂದೂವರೆ, ಎರಡು ಗಂಟೆ ಬೇಕು. ಓಡಿ ಗೆಲ್ಲಲು ಆಗದು. ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿದ ಹಾಗೆ ಮೊದಲೇ ಸೀಟು ಹಿಡಿಯಬೇಕು. ಟ್ಯಾಂಕ್ 35 ಡಿಗ್ರಿ ದಾಟದಂತೆ ನೋಡಿಕೊಳ್ಳಿ.

ಇದನ್ನು ಓದಿ ನಾಳೆಯೇ ಆಂಟಿಬಯಾಟಿಕ್ ನಿಲ್ಲಿಸಬೇಡಿ. ಮೊದಲು ಲೈನ್ ಶುಚಿಯಾಗಲಿ, ಆಮೇಲೆ ಒಂದೊಂದೇ ಟ್ಯಾಂಕಿನಲ್ಲಿ ಡೋಸ್ ಇಳಿಸುತ್ತ ಬನ್ನಿ. ಧಾನ್ಯದ ಡಿಸ್ಟಿಲರಿಯವರು ಇನ್ನೊಂದು ನೆನಪಿಡಿ. ನಿಮ್ಮ ಒಣಗಿಸಿದ ಹಿಂಡಿ ಹೋಗುವುದು ಕೋಳಿ, ದನಗಳ ಹೊಟ್ಟೆಗೆ. ನೀವು ಹಾಕಿದ ಔಷಧದ ಉಳಿಕೆಯೂ ಅದರ ಜೊತೆ ಹೋಗಬಹುದು.

ಫೋನ್ ಮಾಡುವ ಮೊದಲು ಐದು ಸಾಂಪಲ್ ತೆಗೆದಿಡಿ: ನೀರು, ಕೂಲರಿನ ಮುಂಚೆ, ಕೂಲರಿನ ನಂತರ, ಈಸ್ಟ್ ಟ್ಯಾಂಕ್, ತುಂಬುತ್ತಿರುವ ಫರ್ಮೆಂಟರ್. ಮೈಕ್ರೋಸ್ಕೋಪಿನಲ್ಲಿ ಬ್ಯಾಕ್ಟೀರಿಯಾದ ಸಂಖ್ಯೆ ಎಲ್ಲಿ ಥಟ್ಟನೆ ಏರುತ್ತದೋ ಅದರ ಹಿಂದಿನ ಪೈಪು ಬಿಚ್ಚಿಸಿ. ಆಮೇಲೆ ಎಷ್ಟು ಹೊತ್ತಿಗಾದರೂ ಫೋನ್ ಮಾಡಿ, ಎತ್ತುತ್ತೇನೆ.