ಹಳ್ಳಿಯ ಹೊಲಿಗೆ: ಯಂತ್ರ ಬಂತು, ಗಿರಾಕಿಗಳು ಎಲ್ಲಿ?

ಗ್ರಾಮೀಣ ಮಹಿಳೆಯರಿಗೆ ಸ್ವಂತ ದುಡಿಮೆಯ ದಾರಿ ತೋರಿಸಬೇಕೆಂದಾಗಲೆಲ್ಲ ಸರ್ಕಾರಕ್ಕೂ ಸಂಘಸಂಸ್ಥೆಗಳಿಗೂ ಮೊದಲು ನೆನಪಾಗುವುದು ಹೊಲಿಗೆ ಯಂತ್ರ. ಆದರೆ ನಮ್ಮಲ್ಲಿ ಕೂಲಿಯ ಹೊಲಿಗೆ ಬಹುಕಾಲ ಗಂಡಸರ ಕಸುಬಾಗಿತ್ತು. ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ಸೂಜಿಕಾಯಕದ ರಾಮಿತಂದೆಯ ಹೆಸರಿದೆ. ಉತ್ತರ ಕರ್ನಾಟಕದಲ್ಲಿ ಸಿಂಪಿಗರು ತಲೆಮಾರುಗಳಿಂದ ಬಟ್ಟೆ ಹೊಲಿದು ಬದುಕಿದವರು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಸಿಂಗರ್ ಯಂತ್ರ ಭಾರತಕ್ಕೆ ಬಂದ ಮೇಲೆ ಕೈಹೊಲಿಗೆ ಹಿಂದೆ ಸರಿಯಿತು. ಯಂತ್ರಗಳ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟಾಗಿದ್ದ ಗಾಂಧೀಜಿಯವರೂ 1924ರಲ್ಲಿ ಸಿಂಗರ್ ಯಂತ್ರವನ್ನು ಮಾತ್ರ ಉಪಯುಕ್ತವೆಂದು ಒಪ್ಪಿಕೊಂಡಿದ್ದರು.

ಅಡುಗೆ, ದನಕರು, ಮಕ್ಕಳ ನಡುವೆ ಬಿಡುವಾದಾಗ ಮನೆಯಲ್ಲೇ ಮಾಡಬಹುದಾದ ಕೆಲಸವೆಂಬ ಕಾರಣಕ್ಕೆ, ಜೊತೆಗೆ ರವಿಕೆಯ ಅಳತೆ ಕೊಡಲು ಹೆಂಗಸರಿಗೆ ಹೆಂಗಸರ ಬಳಿಯೇ ಅನುಕೂಲವೆಂಬ ಕಾರಣಕ್ಕೆ, ಈ ಕಸುಬು ಕ್ರಮೇಣ ಮಹಿಳೆಯರ ಕೈಗೂ ಬಂತು. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ಸ್ವಉದ್ಯೋಗ ತರಬೇತಿಯಲ್ಲಿ ಹೊಲಿಗೆಗೂ ಸ್ಥಾನ ಸಿಕ್ಕಿತು. ಕೇಂದ್ರ ಸರ್ಕಾರ ಮುಂದೆ ಅದೇ ಮಾದರಿಯನ್ನು ದೇಶದ ಇತರ ಜಿಲ್ಲೆಗಳಿಗೂ ಒಯ್ದಿತು.

ಅಷ್ಟರಲ್ಲಿ ಮಾರುಕಟ್ಟೆಯೇ ಬದಲಾಯಿತು. ಅಂಗಿ, ಪ್ಯಾಂಟು, ಮಕ್ಕಳ ಬಟ್ಟೆಗಳೆಲ್ಲ ಸಂತೆಯಲ್ಲಿ ಸಿದ್ಧವಾಗಿಯೇ ಸಿಗತೊಡಗಿದ್ದರಿಂದ ಹಳ್ಳಿಯ ಹೊಲಿಗೆಯವರಿಗೆ ಮುಖ್ಯವಾಗಿ ಉಳಿದದ್ದು ಮೈಗೆ ತಕ್ಕಂತೆ ಹೊಲಿಯಲೇಬೇಕಾದ ರವಿಕೆ, ಸೀರೆಗೆ ಫಾಲ್, ಸೆರಗಿಗೆ ಕುಚ್ಚು. ಇದು ಮದುವೆ, ಹಬ್ಬಗಳನ್ನು ನಂಬಿದ ಸಂಪಾದನೆ. ಆಷಾಢದಲ್ಲಿ ಯಂತ್ರ ಸುಮ್ಮನೆ ಕೂರುತ್ತದೆ.

ಇನ್ನೊಂದು ದಾರಿ ಗಾರ್ಮೆಂಟ್ಸ್. 1974ರಿಂದ ಜವಳಿ ರಫ್ತಿಗೆ ಮಿತಿ ಹಾಕಿದ್ದ ಕೋಟಾ ಪದ್ಧತಿ 2005ರ ಜನವರಿ 1ರಂದು ಕೊನೆಗೊಂಡಿತು. ಆ ಮಿತಿ ಹೋದ ಮೇಲೆ ರಫ್ತಿಗೆ ಬಟ್ಟೆ ಹೊಲಿಯುವ ಕಾರ್ಖಾನೆಗಳಿಗೆ ಬೆಳೆಯಲು ದಾರಿಯಾಗಿ, ಬೆಂಗಳೂರಿನ ಆಚೆ ರಾಮನಗರ, ಮಂಡ್ಯದ ಕಡೆಯ ಹಳ್ಳಿಗಳ ಹೆಣ್ಣುಮಕ್ಕಳೂ ಕಾರ್ಖಾನೆಯ ಯಂತ್ರದ ಮುಂದೆ ಕುಳಿತರು. ಅಲ್ಲಿ ತಿಂಗಳ ಸಂಬಳ ಖಚಿತ, ಆದರೆ ಒಬ್ಬಾಕೆ ವರ್ಷಗಟ್ಟಲೆ ಕಾಲರ್ ಮಾತ್ರ ಹೊಲಿಯುತ್ತಾಳೆ, ಇಡೀ ಅಂಗಿ ಹೊಲಿಯುವ ವಿದ್ಯೆ ಅವಳಿಗೆ ದಕ್ಕುವುದಿಲ್ಲ. ಭವಿಷ್ಯನಿಧಿ ಹಿಂಪಡೆಯಲು ನಿರ್ಬಂಧ ಹೇರಿದ ನಿಯಮದ ವಿರುದ್ಧ 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ರಸ್ತೆಗಿಳಿದವರು ಇವರೇ, ನಿಯಮವನ್ನು ಕೈಬಿಡಬೇಕಾಯಿತು.

2023ರ ಪಿಎಂ ವಿಶ್ವಕರ್ಮ ಯೋಜನೆ ದರ್ಜಿಗಳನ್ನೂ ಒಳಗೊಂಡು, ಉಪಕರಣಕ್ಕೆ 15,000 ರೂಪಾಯಿ ಹಾಗೂ ಕಡಿಮೆ ಬಡ್ಡಿಯ ಸಾಲ ನೀಡುತ್ತದೆ. ಇದು ಬೇಕಾದ ನೆರವೇ. ಆದರೆ ಒಂದೇ ಊರಿನಲ್ಲಿ ಹತ್ತು ಜನ ಹೊಲಿಗೆ ಕಲಿತರೆ ಇದ್ದಷ್ಟೇ ರವಿಕೆಗಳನ್ನು ಹತ್ತು ಮಂದಿ ಹಂಚಿಕೊಳ್ಳಬೇಕಾಗುತ್ತದೆ, ಕೂಲಿಯೂ ಇಳಿಯುತ್ತದೆ. ಸರ್ಕಾರಿ ಶಾಲೆಯ ಮಕ್ಕಳಿಗೆ ವಿದ್ಯಾವಿಕಾಸ ಯೋಜನೆಯಡಿ ಸಮವಸ್ತ್ರದ ಬಟ್ಟೆ ಬರುತ್ತದೆ. ಅದನ್ನು ಹೊಲಿಯುವ ಕೆಲಸವನ್ನು ನಿಗದಿತ ಕೂಲಿಗೆ ಆಯಾ ಪಂಚಾಯಿತಿಯ ಸ್ವಸಹಾಯ ಸಂಘಗಳಿಗೆ ವಹಿಸುವುದನ್ನು ಸರ್ಕಾರ ರಾಜ್ಯದಾದ್ಯಂತ ಕಡ್ಡಾಯ ಮಾಡಬೇಕು.